ಮೂಲೆಯಿಲ್ಲದ ಕೋಣೆ

ಬುರ್ಮಾಕಾನ್ ಮೂವತ್ತೈದು ವರ್ಷ ಬಿಷ್ಕೆಕ್ ಊರಿನ ಗೋಡೆಗಳಿಗೆ ಗಾರೆ ಮೆತ್ತಿ ಬಣ್ಣ ಬಳಿದವಳು. ಶಾಲೆಯಿರಲಿ, ಒಂಬತ್ತು ಮಹಡಿಯ ವಠಾರವಿರಲಿ, ಒಳಗೆ ಕಾಲಿಟ್ಟ ಕೂಡಲೇ ಅವಳ ಕಣ್ಣು ಹೋಗುತ್ತಿದ್ದುದು ಮೂಲೆಗೆ. ಮೂಲೆ ನೆಟ್ಟಗಿದ್ದರೆ ಕೆಲಸದವರು ನಿಯತ್ತಿನವರು, ಇಲ್ಲದಿದ್ದರೆ ಇಲ್ಲ. ಅಂಥವಳನ್ನು ಕರೆಸಿ ಜೀಪಾರ್ ಎಂಬ ಚಿತ್ರಗಾರ್ತಿ, "ಅಕ್ಕಾ, ಈ ಕೋಣೇಲಿ ಒಂದು ಮೂಲೇನೂ ಕಾಣಬಾರದು" ಅಂದಾಗ ಅವಳಿಗೆ ಬೈಸಿಕೊಂಡ ಹಾಗಾಯಿತು.

ಅದು ಹಿಂದೆ ಹೊಲಿಗೆ ಕಾರ್ಖಾನೆಯಾಗಿದ್ದ ಕಟ್ಟಡ. ಈಗ ಮ್ಯೂಸಿಯಂ ಮಾಡಿದ್ದರು. ಜೀಪಾರಳ ಪ್ರದರ್ಶನಕ್ಕೆ ಮೂರು ಕೋಣೆ. ಮೊದಲನೆಯದರಲ್ಲಿ ಎಲ್ಲರಿಗೂ ತಿಳಿಯುವ ಚಿತ್ರಗಳು: ಬೆಟ್ಟ, ಕುದುರೆ, ಹಾಲು ಕರೆಯುವ ಹೆಂಗಸು. ಎರಡನೆಯದರಲ್ಲಿ ಚಿತ್ರದ ಬಟ್ಟೆಯಿಂದ ಸುಲಿದು ತೆಗೆದ ಬರೀ ಬಣ್ಣದ ಹಾಳೆಗಳು, ಒಣಹಾಕಿದ ತೊಗಲಿನ ಹಾಗೆ ಹಗ್ಗಕ್ಕೆ ತೂಗುತ್ತಿದ್ದವು. ಮೂರನೆಯದು ಬುರ್ಮಾಕಾನಳ ಪಾಲಿಗೆ ಬಂದ ಖಾಲಿ ಕೋಣೆ. ಸೂರಿನಲ್ಲಿ ಉದ್ದಕ್ಕೂ ಗಾಜು, ಅದರ ಕೆಳಗೆ ಬೆಳಕನ್ನು ಹರಡಲು ಎಳೆದು ಕಟ್ಟಿದ ಬಿಳಿ ಬಟ್ಟೆ.

"ಇಲ್ಲಿ ಚಿತ್ರ ಎಲ್ಲಿ ತೂಗ್ಹಾಕ್ತೀಯಮ್ಮ?" ಅಂತ ಬುರ್ಮಾಕಾನ್ ಕೇಳಿದಳು.

"ತೂಗ್ಹಾಕಲ್ಲ. ಜನಾನೇ ಅದರೊಳಗೆ ಬರ್ತಾರೆ."

"ಅಂದ್ರೆ ಇದು ಗೋಡೆ ಅಲ್ಲ?"

"ನಂಗೂ ಗೊತ್ತಿಲ್ಲ ಅಕ್ಕ. ನೋಡೇಬಿಡೋಣ ಅಂತ ಮಾಡ್ತಿರೋದು."

ಬುರ್ಮಾಕಾನಳ ಜೊತೆಗಾತಿ ಅನೀಪಾ ಬಾಯಿ ಸುಮ್ಮನಿಡುವವಳಲ್ಲ. "ಹಂಡೆ ಕಟ್ಟಿಸ್ಕೊಂಡು ಒಳಗೆ ಕೂತ್ಕೊಳ್ಳೋಕೆ ಇಷ್ಟು ಓದಬೇಕಿತ್ತೇನೇ?" ಅಂತ ನಕ್ಕಳು. ಆದರೂ ಇಬ್ಬರೂ ಸೇರಿ ಗೋಡೆ ಗೋಡೆಗೆ ಸೇರುವಲ್ಲಿ, ಗೋಡೆ ನೆಲಕ್ಕಿಳಿಯುವಲ್ಲಿ ಗಾರೆ ತುಂಬಿ, ಬಟ್ಟಲ ಒಳಮೈಯಂತೆ ತೀಡಿದರು. ಆಮೇಲೆ ಬಣ್ಣ. ನೀರುಹಾಲಿನಷ್ಟು ತೆಳ್ಳಗೆ, ಒಂದರ ಮೇಲೊಂದು ಇಪ್ಪತ್ತಾರು ಸಲ. ನೀಲಿ, ಬೂದಿ, ಮತ್ತೆ ನೀಲಿ, ನಡುವೆ ಒಂದೇ ಒಂದು ಸಲ ಗುಲಾಬಿ. ಪ್ರತಿ ಸಲವೂ ಜೀಪಾರ್ ನೆಲದ ಮೇಲೆ ಕೂತು ಗಂಟೆಗಟ್ಟಲೆ ನೋಡುತ್ತಿದ್ದಳು. ಹೀಗೆ ಎರಡು ತಿಂಗಳು ಕಳೆಯಿತು.

ಬಾಗಿಲು ತೆರೆಯಲು ಇನ್ನೊಂದೇ ದಿನ ಉಳಿದಿತ್ತು. ರಾತ್ರಿ ಸೂರಿನ ಮೇಲಿನ ಹಿಮ ಕರಗಿ ಗಾಜಿನ ಅಂಚಿನಿಂದ ನೀರಿಳಿಯಿತು. ಬೆಳಿಗ್ಗೆ ಬಂದು ನೋಡಿದರೆ ಉತ್ತರದ ಗೋಡೆಗೆ ಆಳುದ್ದದ ಕಲೆ. ಜೀಪಾರ್ ಅಲ್ಲೇ ಕುಸಿದು ಕೂತಳು. ಮ್ಯೂಸಿಯಮ್ಮಿನವನೊಬ್ಬ ಸಣ್ಣ ಕುಂಚ ಹಿಡಿದು ಓಡಿಬಂದ. ಬುರ್ಮಾಕಾನ್ ಅವನ ಕೈ ಹಿಡಿದು ನಿಲ್ಲಿಸಿದಳು.

"ತೇಪೆ ಹಾಕಿದ್ರೆ ತೇಪೇನೇ ಕಾಣೋದು. ಕೋಣೆ ಅಷ್ಟೂ ಮತ್ತೊಂದು ಸಲ ಬಳೀಬೇಕು."

"ಆ ಗೋಡೆ ಒಂದೇ ಸಾಲದಾ?" ಅಂದ ಅವನು.

"ಮೂಲೆ ಇದ್ದಿದ್ರೆ ಅಲ್ಲಿಗೆ ನಿಲ್ಲಿಸ್ತಿದ್ದೆ. ಇಲ್ಲಿ ಗೋಡೆ ಎಲ್ಲಿ ಮುಗಿಯುತ್ತೆ, ತೋರ್ಸು ನೋಡೋಣ?"

ಸೋರಿಕೆ ನಿಲ್ಲಿಸಿ, ಬಿಸಿಗಾಳಿ ಊದಿ ಕಲೆ ಒಣಗಿಸಿ, ಅದು ಮತ್ತೆ ಏಳದ ಹಾಗೆ ಅರಗಿನ ಲೇಪ ಕೊಟ್ಟರು. ಆಮೇಲೆ ಬಾಗಿಲಿಗೆ ಎದುರಿನ ಗೋಡೆಯಿಂದ ಶುರುಮಾಡಿದ್ದು ಜೀಪಾರ್ ಸೇರಿ ಮೂವರು ಹೆಂಗಸರು. ಬಳಿದ ಅಂಚು ಒಣಗುವ ಮುಂಚೆ ಮುಂದಿನ ಪಟ್ಟಿ ಅದನ್ನು ಮುಟ್ಟಬೇಕು. ಒಂದು ಗಳಿಗೆ ತಡವಾದರೂ ಗೆರೆ ನಿಲ್ಲುತ್ತದೆ. ನೆಲ, ಗೋಡೆ, ಮತ್ತೆ ನೆಲ. ಹಿಂದೆ ಹಿಂದೆ ಸರಿಯುತ್ತಾ ಬಾಗಿಲ ಕಡೆಗೆ. ಮಧ್ಯಾಹ್ನ ಕಾವಲಿನ ಹೆಂಗಸು ಹೊಸಿಲಲ್ಲಿ ನಿಂತು, ಒಬ್ಬೊಬ್ಬರು ಅತ್ತ ಬಂದಾಗಲೂ ಬಾಯಿಗೆ ಬೋರ್ಸೋಕ್ ಎಂಬ ಕರಿದ ಹಿಟ್ಟಿನ ತುಂಡು ಒಂದೊಂದು ಇಟ್ಟಳು.

"ಅಗೀರಿ, ಕೈ ಮಾತ್ರ ನಿಲ್ಲಿಸ್ಬೇಡಿ!"

"ಅತ್ತೆ ಮನೇಲೂ ಹೀಗೆ ತಿನ್ನಿಸ್ಲಿಲ್ಲ ಕಣೇ ನಂಗೆ," ಅಂದಳು ಅನೀಪಾ, ಬಾಯಿ ತುಂಬಿಕೊಂಡು.

ಕೊನೆಯ ಪಟ್ಟಿ ಹೊಸಿಲಲ್ಲಿ ಕೂಡಿಕೊಂಡಾಗ ಬೆಳಕು ಹೋಗಿತ್ತು. ಹೇಗೆ ಬಂದಿದೆ ಅಂತ ಯಾರಿಗೂ ಕಾಣಲಿಲ್ಲ. ಬಾಗಿಲೆಳೆದುಕೊಂಡು ಮನೆಗೆ ಹೋದರು.

ಮರುದಿನ ಬುರ್ಮಾಕಾನ್ ಒಳ್ಳೆಯ ತಲೆವಸ್ತ್ರ ಕಟ್ಟಿ ಬಂದಳು. ಬಾಗಿಲಲ್ಲಿ ಬೂಟು ಬಿಚ್ಚಿಸಿ, ಉಣ್ಣೆಯ ಮೆಟ್ಟು ಕೊಟ್ಟರು. ಒಳಗೆ ಎರಡು ಹೆಜ್ಜೆ ಇಟ್ಟಳು, ಮೂರನೆಯದು ಏಳಲಿಲ್ಲ.

ಗೋಡೆ ಇರಲಿಲ್ಲ. ತಾನೇ ಮೆತ್ತಿ, ತೀಡಿ, ಅಂಗೈಯಲ್ಲಿ ಸವರಿದ ಗೋಡೆ ಎಲ್ಲಿ ಹೋಯಿತೋ! ಎದುರಿಗೆ ಬರೀ ದೂರ. ಹತ್ತಿರ ಅಂದರೆ ಹತ್ತಿರ, ಒಂದು ದಿನದ ಹಾದಿ ಅಂದರೆ ಅದೂ ಸರಿ. ಮೇಲೆ ಮೋಡ ಸರಿದಾಗ ನೀಲಿಯ ಒಳಗಿನಿಂದ ಆ ಒಂದೇ ಗುಲಾಬಿ, ನಿದ್ದೆಯಿಂದೆದ್ದ ಮಗುವಿನ ಕೆನ್ನೆಯ ಹಾಗೆ ಮೆಲ್ಲಗೆ ಮೇಲೆ ಬಂತು, ಮತ್ತೆ ಮುಳುಗಿತು. ಯಾವ ಡಬ್ಬದಿಂದ ಎಷ್ಟು ಬಣ್ಣ, ಎಷ್ಟು ನೀರು, ಎಲ್ಲ ಅವಳಿಗೆ ಬಾಯಿಪಾಠ. ಆದರೂ ಮೋಡ ಮತ್ತೆ ಸರಿಯಲಿ ಅಂತ ಕಾದು ನಿಂತಳು.

ಪಕ್ಕದಲ್ಲಿ ಅನೀಪಾ ಬಾಯಿಗೆ ಕೈ ಅಡ್ಡ ಹಿಡಿದು ನಿಂತಿದ್ದಳು.

ಮುದುಕಿಯೊಬ್ಬಳು ಕೋಲೂರಿಕೊಂಡು ಬಂದು ಬುರ್ಮಾಕಾನಳ ತೋಳು ಹಿಡಿದಳು. "ಮಗಳೇ, ಇದು ಎಲ್ಲೀತನಕ ಇದೆ?"

ಹದಿನಾಲ್ಕು ಹೆಜ್ಜೆ ಉದ್ದ, ಹನ್ನೊಂದು ಅಗಲ. ಹೇಳಲು ಬಾಯಿ ತೆರೆದಳು.

"ಗೊತ್ತಿಲ್ಲ ಅಜ್ಜಿ," ಅಂದಳು. ಹೇಳಿದ್ದು ಸುಳ್ಳು ಅಂತ ಅವಳಿಗೆ ಅನ್ನಿಸಲಿಲ್ಲ.

ಮುದುಕಿ ಅಲ್ಲೇ ಕೂತು, ಎರಡೂ ಅಂಗೈ ತೆರೆದು ಪ್ರಾರ್ಥನೆ ಗುನುಗಿ, ಮುಖ ಸವರಿಕೊಂಡಳು. ದೂರದಲ್ಲಿ ಜೀಪಾರ್ ಗೆದ್ದವಳ ಹಾಗೇನೂ ಇರಲಿಲ್ಲ, ಬೆರಗಾಗಿ ನೋಡುವವರಲ್ಲಿ ತಾನೂ ಒಬ್ಬಳಾಗಿದ್ದಳು.

"ನಾವೇ ಮಾಡಿದ್ದೇನೇ ಇದು?" ಅಂತ ಬುರ್ಮಾಕಾನ್ ಹತ್ತಿರ ಹೋಗಿ ಪಿಸುಗುಟ್ಟಿದಳು.

"ನಿನ್ನೆ ಸಂಜೆವರೆಗೂ ನಾವೇ ಮಾಡಿದ್ದು ಅಕ್ಕ. ಬೆಳಿಗ್ಗೆಯಿಂದ ನಂಗೂ ಅನುಮಾನ."

ಪ್ರದರ್ಶನ ಮೇ ಕೊನೆಯವರೆಗೆ ನಡೆಯಿತು. ಬುರ್ಮಾಕಾನ್ ಎಂಟು ಸಲ ಹೋದಳು, ಬೇರೆ ಬೇರೆ ಹವೆಯಲ್ಲಿ. ಆಲಿಕಲ್ಲು ಬಿದ್ದ ದಿನ ಒಳಗಿದ್ದವರು ಅವಳೂ ಸೇರಿ ಏಳೇ ಜನ. ಗಾಜಿನ ಮೇಲೆ ಸದ್ದು ಜೋರಾದಂತೆ ಕೋಣೆ ಕಡುಹಸಿರಾಗುತ್ತ ಹೋಯಿತು, ದೊಡ್ಡ ಸರೋವರವೊಂದು ಅವರನ್ನು ನೆನೆಯಿಸದೆ ಒಳಗೆಳೆದುಕೊಂಡ ಹಾಗೆ. ಒಬ್ಬರಿಗೊಬ್ಬರು ಗುರುತಿಲ್ಲದ ಆ ಏಳು ಜನ ಸದ್ದಿಲ್ಲದೆ ಹತ್ತಿರ ಹತ್ತಿರ ಸರಿದು ನಿಂತರು.