ಹೊರಳಿಸದೆ ಬರೆದದ್ದು

ಅಗಲವಾದ ಬಿಳಿ ಬಟ್ಟೆಯ ಒಂದು ತುದಿಯನ್ನು ಎತ್ತಿ ಹಿಡಿದು, ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡು ವಾಣಿ ನಿಂತಿದ್ದಳು. ಇನ್ನೊಂದು ತುದಿ ಪಕ್ಕದ ಮನೆಯ ಅಮೀನಾಬೀ ಕೈಯಲ್ಲಿತ್ತು. ಆ ಮರೆಯ ಹಿಂದೆ, ಹಿತ್ತಲಿನಲ್ಲಿ ಇಟ್ಟ ಹಲಗೆಯ ಮೇಲೆ ಹಜೀರಾಬೀಗೆ ಕೊನೆಯ ಸ್ನಾನ ಮಾಡಿಸುತ್ತಿದ್ದರು.

"ಎಳೀಬ್ಯಾಡವ್ವಾ, ಹೊರಳಿಸು," ಸ್ನಾನ ಮಾಡಿಸುತ್ತಿದ್ದ ಜೈನಾಬಿ ಒಳಗಿನಿಂದ ಯಾರಿಗೋ ಹೇಳಿದಳು. "ಭುಜಕ್ಕೊಂದು ಕೈ, ಸೊಂಟಕ್ಕೊಂದು ಕೈ. ಹಾಂ, ಹಂಗೆ."

ವಾಣಿಯ ಕೈ ಸಡಿಲವಾಗಿ ಬಟ್ಟೆ ಒಂದು ಗೇಣು ಕೆಳಗಿಳಿಯಿತು. ಅಮೀನಾಬೀ ಕಣ್ಣಲ್ಲೇ ಗದರಿದಳು. ವಾಣಿ ಮತ್ತೆ ಎತ್ತಿ ಹಿಡಿದಳು. ಆ ಮಾತು ಜೈನಾಬಿಯದಲ್ಲ, ಅದು ಯಾರದೆಂದು ವಾಣಿಗೆ ಗೊತ್ತಿತ್ತು. ಪ್ರತಿ ವರ್ಷ ದಾವಣಗೆರೆಯ ಕಾಲೇಜಿನಲ್ಲಿ, ನರ್ಸಿಂಗ್‌ನ ಮೊದಲ ವರ್ಷದ ಹುಡುಗಿಯರ ಮುಂದೆ ಪ್ಲಾಸ್ಟಿಕ್ ಗೊಂಬೆಯನ್ನು ಮಂಚದ ಮೇಲೆ ಮಲಗಿಸಿ, ಅವಳೂ ಅದೇ ಮಾತು ಹೇಳಿಕೊಡುತ್ತಿದ್ದಳು. ಯಾರಿಂದ ಕಲಿತೆನೆಂದು ಮಾತ್ರ ಯಾವತ್ತೂ ಹೇಳಿರಲಿಲ್ಲ.

ಬೆಳಿಗ್ಗೆ ಆರಕ್ಕೆ ಹಜೀರಾಬೀಯ ಸೊಸೆ ಯಾಸ್ಮೀನ್ ಫೋನ್ ಮಾಡಿ, ಅತ್ತೆ ಹೋದರು, ನಿಮಗೆ ತಿಳಿಸಬೇಕೆಂದು ಮೊದಲೇ ಹೇಳಿಟ್ಟಿದ್ದರು ಎಂದಿದ್ದಳು. ವಾಣಿ ಅರ್ಧ ದಿನದ ರಜೆ ಬರೆದು ಹರಿಹರದ ಬಸ್ ಹತ್ತಿದ್ದಳು. ಒಂದು ತಾಸು ಹೆಂಗಸರ ಹಿಂದೆ ಎಲ್ಲೋ ಕೂತಿದ್ದು, ಮುಖ ನೋಡಿ, ಮಧ್ಯಾಹ್ನದ ಕ್ಲಾಸಿಗೆ ವಾಪಸಾಗುವುದೆಂದು ಬಸ್ಸಿನಲ್ಲೇ ಲೆಕ್ಕ ಹಾಕಿದ್ದಳು. ಆದರೆ ಬಾಗಿಲು ದಾಟುತ್ತಿದ್ದ ಹಾಗೆ ಯಾಸ್ಮೀನ್ ಹೆಸರು ಕೇಳಿ ಗುರುತಿಸಿ, ಎಲ್ಲರಿಗೂ ಕೇಳುವ ಹಾಗೆ, ಅತ್ತೆ ಕೆಲಸ ಮಾಡುತ್ತಿದ್ದ ಆಸ್ಪತ್ರೆಯ ಸಿಸ್ಟರ್, ಈಗ ಕಾಲೇಜಿನಲ್ಲಿ ಟೀಚರ್ ಎಂದುಬಿಟ್ಟಳು. ಮರೆ ಹಿಡಿಯಲು ಒಂದು ಕೈ ಕಡಿಮೆಯಿತ್ತು. ಇವರು ಇಂಥದ್ದಕ್ಕೆ ಹೆದರುವವರಲ್ಲ ಎಂದು ಯಾರೋ ಬಟ್ಟೆಯ ತುದಿಯನ್ನು ಅವಳ ಕೈಗೆ ಕೊಟ್ಟರು.

ಸ್ನಾನ ಮಾಡಿಸಿ ಜೈನಾಬಿ ಹೊರಗೆ ಬಂದಳು. ಅರವತ್ತು ದಾಟಿದ ಹೆಂಗಸು. ಸೆರಗಿನಿಂದ ಮುಖ ಒರೆಸಿಕೊಂಡು, ಪಡಸಾಲೆಯಲ್ಲಿ ಕೂತವರಿಗೆ ಹೇಳಿದಳು:

"ಸ್ನಾನ ಮಾಡಿಸ್ದವರು ಕಂಡ ಐಬು ಹೊರಗೆ ಆಡಬಾರ್ದು, ಒಳ್ಳೇದು ಕಂಡ್ರೆ ಹೇಳಬಹುದು. ಅದಕ್ಕೆ ಹೇಳ್ತೀನಿ. ನಾಲ್ಕು ತಿಂಗಳು ಹಾಸಿಗೆ ಹಿಡಿದ ಜೀವ ಇದು. ಬೆನ್ನ ಮ್ಯಾಲೆ ಒಂದು ಹುಣ್ಣಿಲ್ಲ, ಒಂದು ಕೆಂಪು ಕಲೆ ಇಲ್ಲ."

ಹೆಂಗಸರೆಲ್ಲ ಯಾಸ್ಮೀನಳನ್ನು ನೋಡಿದರು. ಅವಳು ತಲೆ ತಗ್ಗಿಸಿ, ತನ್ನದೇನಿಲ್ಲ, ಎಲ್ಲ ಅತ್ತೆಯೇ ಕಲಿಸಿದ್ದು ಎಂದಳು. ಲಕ್ವ ಹೊಡೆದು ಬಾಯಿ ಒಂದು ಕಡೆಗೆ ಎಳೆದಿತ್ತು, ಅರ್ಧ ಮಾತು ತಿಳಿಯುತ್ತಿರಲಿಲ್ಲ. ಆದರೂ ಮಲಗಿಕೊಂಡೇ, ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು ಹೇಗೆ, ಮೊಣಕಾಲುಗಳ ನಡುವೆ ದಿಂಬು ಇಡುವುದು ಹೇಗೆ, ಹಿಮ್ಮಡಿ ಹಾಸಿಗೆಗೆ ತಾಗದ ಹಾಗೆ ನೋಡಿಕೊಳ್ಳುವುದು ಹೇಗೆ ಎಂದು ಎಡಗೈಯಲ್ಲಿ ತೋರಿಸಿಕೊಟ್ಟಿದ್ದರಂತೆ.

ಹೇಳುವಾಗ ಯಾಸ್ಮೀನ್ ವಾಣಿಯ ಕಡೆ ನೋಡಲಿಲ್ಲ. ಲಕ್ವ ಹೊಡೆದ ವಾರದಲ್ಲೇ ಅವಳು ಕಾಲೇಜಿನಿಂದ ನಂಬರ್ ಪಡೆದು ವಾಣಿಗೆ ಫೋನ್ ಮಾಡಿ, ಒಂದು ಸಲ ಬಂದು ತೋರಿಸಿಕೊಡಲು ಕೇಳಿದ್ದಳು. ಭಾನುವಾರ ಬರುತ್ತೇನೆಂದು ವಾಣಿ ಹೇಳಿದ್ದಳು. ಆ ಭಾನುವಾರ ತಲೆನೋವು ಎಂದಳು, ಮುಂದಿನ ಭಾನುವಾರ ಪರೀಕ್ಷೆಯ ಕೆಲಸ ಎಂದಳು. ಆಮೇಲೆ ಯಾಸ್ಮೀನ್ ಕೇಳಲಿಲ್ಲ. ಕೇಳಲಿಲ್ಲವಲ್ಲ ಎಂದು ವಾಣಿಗೆ ಒಳಗೊಳಗೇ ನಿರಾಳವಾಗಿತ್ತು.

*

ಹದಿನೈದು ವರ್ಷದ ಹಿಂದೆ ವಾಣಿ ಕೊಕ್ಕನೂರಿನಿಂದ ಬಂದು ದಾವಣಗೆರೆಯಲ್ಲಿ ನರ್ಸಿಂಗ್ ಓದುತ್ತಿದ್ದಳು. ಕೊನೆಯ ವರ್ಷದಲ್ಲಿ ಒಂದು ಖಾಸಗಿ ಆಸ್ಪತ್ರೆಯ ಹೆಂಗಸರ ವಾರ್ಡಿಗೆ ಹಾಕಿದ್ದರು. ಹಜೀರಾಬೀ ಅಲ್ಲಿ ಆಯಾ. ಓದು ಬರಹ ಇಲ್ಲ. ಆದರೆ ವಾರ್ಡಿನೊಳಗೆ ಬಂದು ಒಂದು ಸುತ್ತು ಕಣ್ಣಾಡಿಸಿದರೆ, ಯಾರ ಸಲೈನ್ ಮುಗಿಯುತ್ತ ಬಂತು, ಯಾರು ಸಂಕೋಚಕ್ಕೆ ಒಂದಕ್ಕೆ ಹೋಗದೆ ತಡೆದುಕೊಂಡಿದ್ದಾರೆ ಎಲ್ಲ ಅವಳಿಗೆ ತಿಳಿಯುತ್ತಿತ್ತು. ಪುಸ್ತಕದಲ್ಲಿ ಚಿತ್ರ ನೋಡಿ ಬಂದಿದ್ದ ವಾಣಿಗೆ ಭಾರದ ರೋಗಿಯನ್ನು ಮಗ್ಗುಲಾಗಿಸಲು ಬರುತ್ತಿರಲಿಲ್ಲ. ಎಳೆದರೆ ಮೇಲಿನ ಚರ್ಮ ಹಾಸಿಗೆಗೆ ಹೋಗುತ್ತದೆ, ಹೊರಳಿಸಬೇಕು ಎಂದು ಕೈಹಿಡಿದು ಕಲಿಸಿದವಳು ಹಜೀರಾಬೀ. ಬೆನ್ನ ಕೆಳಗೆ ಕೆಂಪಾಗಿದ್ದರೆ ಬೆರಳಿಂದ ಒತ್ತಿ ನೋಡಬೇಕು, ಒತ್ತಿದರೂ ಬೆಳ್ಳಗಾಗದಿದ್ದರೆ ಒಳಗೆ ಕೆಡಲು ಶುರುವಾಗಿದೆ ಎಂದು ಹೇಳಿದವಳೂ ಅವಳೇ.

ಆನಗೋಡಿನ ಬಸವಣ್ಣೆಮ್ಮ ಎಂಬ ಮುದುಕಿ ಲಕ್ವ ಹೊಡೆದು ಮಲಗಿದ್ದಳು. ಹಗಲಿನ ಹೊತ್ತು ಅವಳನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ, ಹಾಳೆಯಲ್ಲಿ ಹೊತ್ತು ಬರೆದು ಸಹಿ ಮಾಡುವುದು ವಾಣಿಯ ಕೆಲಸ. ಹೆರಿಗೆ ವಾರ್ಡಿನಲ್ಲಿ ಜನ ಸಾಲದೆ ಹಜೀರಾಬೀಯನ್ನು ನಾಲ್ಕು ದಿನ ಅಲ್ಲಿಗೆ ಕಳಿಸಿದರು. ವಾಣಿಗೆ ಪರೀಕ್ಷೆ ಹತ್ತಿರವಿತ್ತು. ಮುದುಕಿ ಭಾರ, ಮುಟ್ಟಿದರೆ ನರಳುತ್ತಿದ್ದಳು. ಮೊದಲ ದಿನ ಒಂದು ಸಲ ತಪ್ಪಿತು, ಏನೂ ಆಗಲಿಲ್ಲ. ಎರಡನೆಯ ದಿನದಿಂದ ವಾಣಿ ಬೆಳಿಗ್ಗೆ ಬಂದವಳೇ ಎಡ, ಬಲ, ಅಂಗಾತ ಎಂದು ಸಂಜೆಯವರೆಗಿನದೆಲ್ಲ ಒಂದೇ ಉಸಿರಿಗೆ ಬರೆದು ಸಹಿ ಹಾಕಿ, ಕಿಟಕಿಯ ಪಕ್ಕ ಓದುತ್ತ ಕೂತಳು.

ಐದನೆಯ ದಿನ ವಾಪಸು ಬಂದ ಹಜೀರಾಬೀ ಮುದುಕಿಯನ್ನು ಹೊರಳಿಸಿ, ಸೊಂಟದ ಕೆಳಗೆ ಅಂಗೈಯಗಲ ಕಪ್ಪಾದದ್ದನ್ನು ನೋಡಿದಳು. ವಾಸನೆ ಬರುತ್ತಿತ್ತು. ಅವಳು ವಾಣಿಯ ಮುಖ ನೋಡಿದಳು. ವಾಣಿ ನೆಲ ನೋಡಿದಳು.

ಮುದುಕಿಯ ಮಗ ಮುರುಗೇಶಪ್ಪ ಗಲಾಟೆ ಮಾಡಿದ. ವಾರ್ಡಿನ ದೊಡ್ಡ ಸಿಸ್ಟರ್ ಪ್ರೇಮಲತಾ ಎಲ್ಲರನ್ನೂ ಸಾಲಾಗಿ ನಿಲ್ಲಿಸಿದಳು. ಹಾಳೆಯಲ್ಲಿ ಎಲ್ಲ ಸರಿಯಾಗಿತ್ತು. ಹಾಗಾದರೆ ಆಯಾ ಒದ್ದೆ ಹಾಸಿಗೆಯ ಮೇಲೆ ಬಿಟ್ಟಿರಬೇಕು ಎಂದು ತೀರ್ಮಾನ ತಾನಾಗಿಯೇ ಅತ್ತ ವಾಲಿತು. ಆಯಾ ಆ ನಾಲ್ಕು ದಿನ ಹಾಸಿಗೆ ಬದಲಿಸಿದ್ದಳಾ ಎಂದು ಪ್ರೇಮಲತಾ ವಾಣಿಯನ್ನು ಕೇಳಿದಳು. ಅವಳು ವಾರ್ಡಿನಲ್ಲೇ ಇರಲಿಲ್ಲ ಎಂದರೆ ಮುಗಿಯುತ್ತಿತ್ತು.

"ಗೊತ್ತಿಲ್ಲ ಮೇಡಂ," ಎಂದಳು ವಾಣಿ.

ಪ್ರೇಮಲತಾಗೆ ಗೊತ್ತಿರದೆ ಇರಲಿಲ್ಲ, ಹೆರಿಗೆ ವಾರ್ಡಿಗೆ ಕಳಿಸಿದವಳು ಅವಳೇ. ಆದರೆ ಕಾಲೇಜಿನ ಹುಡುಗಿ ತಪ್ಪು ಮಾಡಿದಳೆಂದರೆ ಮಾತು ಮೇಲಿನವರೆಗೆ ಹೋಗುತ್ತದೆ, ಆಯಾ ಮಾಡಿದಳೆಂದರೆ ಗೇಟಿನಲ್ಲಿ ಮುಗಿಯುತ್ತದೆ. ಹಜೀರಾಬೀ ಇಬ್ಬರನ್ನೂ ಒಂದು ಸಲ ನೋಡಿ, ಆಯ್ತು ಬಿಡ್ರಿ, ನನ್ನದೇ ತಪ್ಪು ಎಂದಳು. ಅವತ್ತೇ ಅವಳನ್ನು ತೆಗೆದುಹಾಕಿದರು.

ಗೇಟಿನ ಬಳಿ ವಾಣಿ ಹಿಂದೆ ಓಡಿ ಹೋಗಿದ್ದಳು. ಹಜೀರಾಬೀಯೇ ಮೊದಲು ಮಾತಾಡಿದಳು.

"ನೀವು ಇನ್ನೂ ಕಲಿಯೋರು ಸಿಸ್ಟರ್. ನಾನು ಎಲ್ಲಾದ್ರೂ ನೆಲ ಒರೆಸಿಕೊಂಡು ಬದುಕ್ತೀನಿ. ಒಂದ್ ಮಾತು. ಇನ್ಮ್ಯಾಲೆ ಹೊರಳಿಸದೆ ಬರೀಬ್ಯಾಡ್ರಿ."

ಎಲ್ಲೂ ನೆಲ ಒರೆಸುವ ಕೆಲಸ ಸಿಗಲಿಲ್ಲ. ಊರಿನ ಆಸ್ಪತ್ರೆಗಳಲ್ಲಿ ಸುದ್ದಿ ಬೇಗ ಹರಡುತ್ತದೆ. ಹಜೀರಾಬೀ ದಿನವೂ ಹರಿಹರದಿಂದ ಹೋಗಿಬಂದು ದಾವಣಗೆರೆಯ ಮಂಡಕ್ಕಿ ಭಟ್ಟಿಯ ಬಿಸಿಯಲ್ಲಿ ಹನ್ನೆರಡು ವರ್ಷ ದುಡಿದಳು. ಎರಡು ತಿಂಗಳಲ್ಲಿ ಬಸವಣ್ಣೆಮ್ಮ ತೀರಿಕೊಂಡಳೆಂದು ವಾಣಿಗೆ ಗೊತ್ತಾದದ್ದು ಪರೀಕ್ಷೆಯ ಫಲಿತಾಂಶ ಬಂದ ಮೇಲೆ. ವಾಣಿ ಮೊದಲ ದರ್ಜೆಯಲ್ಲಿ ಪಾಸಾಗಿದ್ದಳು. ಈಗ ಹಾಸಿಗೆ ಹುಣ್ಣಿನ ಪಾಠ ಮಾಡುವಾಗ ಪ್ರತಿ ವರ್ಷ ಈ ಕತೆ ಹೇಳುತ್ತಾಳೆ. ಕತೆಯಲ್ಲಿ ಹೊರಳಿಸದೆ ಬರೆದವಳು ಅವಳ ಒಬ್ಬ ಸಹಪಾಠಿ.

*

ಬಿಳಿ ಬಟ್ಟೆ ಹೊದಿಸಿ ಹಜೀರಾಬೀಯನ್ನು ಪಡಸಾಲೆಯಲ್ಲಿ ಮಲಗಿಸಿದ್ದರು. ಮುಖ ಮಾತ್ರ ಕಾಣುತ್ತಿತ್ತು, ಸೊಟ್ಟಗಾದ ಬಾಯಿ ಈಗ ನೆಟ್ಟಗಾದ ಹಾಗಿತ್ತು. ಕೊನೆಯ ಸಲ ನೋಡುವವರು ನೋಡಿ ಎಂದರು. ವಾಣಿ ನೋಡಿದಳು. ಎಷ್ಟು ಹೊತ್ತೆಂದು ಅವಳಿಗೆ ತಿಳಿಯಲಿಲ್ಲ, ಹಿಂದಿನವರು ಭುಜ ಮುಟ್ಟಿ ಸರಿಸಿದರು.

ಮಧ್ಯಾಹ್ನದ ನಮಾಜಿಗೆ ಮೊದಲು ಹಜೀರಾಬೀಯನ್ನು ಹೊತ್ತು ಹೊರಡಬೇಕಿತ್ತು. ಮಗ ರಿಯಾಜ್ ಬಾಗಿಲಲ್ಲಿ ನಿಂತು ಎಲ್ಲರ ಮುಂದೆ ಕೈಜೋಡಿಸಿ, ಅಮ್ಮಿಯಿಂದ ಯಾರಿಗಾದರೂ ನೋವಾಗಿದ್ದರೆ ಮಾಫ್ ಮಾಡಿಬಿಡಿ ಎಂದು ಕೇಳಿಕೊಂಡ. ಎಲ್ಲರೂ ಮಾಫ್, ಮಾಫ್ ಎಂದರು. ರಿಯಾಜ್ ಗುತ್ತೂರಿನ ಹತ್ತಿರದ ಒಂದು ಲೇತ್ ವರ್ಕ್‌ಶಾಪಿನಲ್ಲಿ ಕೆಲಸಗಾರ, ಮೂವತ್ತೈದರ ಗಟ್ಟಿ ಆಳು. ಗೋಡೆಗೆ ಒರಗಿ ನಿಂತಿದ್ದ ವಾಣಿಯನ್ನು ಕಂಡು ಅವನು ಹತ್ತಿರ ಬಂದ.

"ಸಿಸ್ಟರ್, ನೀವು ಬಂದ್ರಿ, ಅದೇ ದೊಡ್ಡದು. ಅಮ್ಮಿ ಮಾಡಿದ ತಪ್ಪಿಂದ ಆಸ್ಪತ್ರೇಲಿ ನಿಮಗೆಲ್ಲ ಕೆಟ್ಟ ಹೆಸರು ಬಂದಿತ್ತು. ಒಂದು ಜೀವ ಹೋಯ್ತು. ಆನಗೋಡಿನ ಆ ಮುದುಕಿ ಕಡೆಯವರು ವರ್ಕ್‌ಶಾಪಿಗೆ ಬಂದು ನನಗೆ ಅಂದಿದ್ರು. ನೀವಾದ್ರೂ ಮಾಫ್ ಮಾಡ್ರಿ."

ಅವನ ಜೋಡಿಸಿದ ಕೈಗಳು ಅವಳ ಎದೆಯ ಮಟ್ಟದಲ್ಲಿದ್ದವು. ಆಯಿತು ಎಂದುಬಿಟ್ಟರೆ ಅವನು ಹೋಗುತ್ತಾನೆ, ಹಜೀರಾಬೀ ಮಣ್ಣಾಗುತ್ತಾಳೆ, ಎರಡು ಗಂಟೆಯ ಬಸ್ ಸಿಗುತ್ತದೆ. ವಾಣಿಯ ಬಾಯಿಗೆ ಆ ಮಾತು ಬಂದೇ ಬಿಟ್ಟಿತ್ತು.

"ಕೈ ಇಳಿಸ್ರಿ ರಿಯಾಜ್," ಎಂದಳು. "ಅವರು ಏನೂ ಮಾಡಿಲ್ಲ. ಆ ಮುದುಕಿನ ಹೊರಳಿಸಬೇಕಾಗಿದ್ದು ನಾನು. ಹೊರಳಿಸ್ಲಿಲ್ಲ. ಹೊರಳಿಸಿದೆ ಅಂತ ಸುಳ್ಳು ಬರೆದೆ. ನಿಮ್ಮಮ್ಮ ಆ ನಾಲ್ಕು ದಿನ ವಾರ್ಡಲ್ಲೇ ಇರ್ಲಿಲ್ಲ."

ರಿಯಾಜನ ಕೈಗಳು ತಕ್ಷಣ ಇಳಿಯಲಿಲ್ಲ. ಹಾಗೆಯೇ ಜೋಡಿಸಿಕೊಂಡು ನಿಂತಿದ್ದ.

"ಅಮ್ಮಿಗೆ ಗೊತ್ತಿತ್ತಾ?"

"ಗೊತ್ತಿತ್ತು."

ಹೊರಗಿನಿಂದ ಅವನನ್ನು ಕರೆದರು. ಅವನು ತಿರುಗಿ ಹೋಗಿ ತಾಯಿಯ ಜನಾಜಾದ ಮುಂದಿನ ಎಡಭಾಗಕ್ಕೆ ಹೆಗಲು ಕೊಟ್ಟ. ಎರಡು ಹೆಜ್ಜೆ ತಪ್ಪಿತು, ಹಿಂದಿನವರು ಸಾವರಿಸಿಕೊಂಡರು. ಗಲ್ಲಿಯ ತಿರುವಿನಲ್ಲಿ ಎಲ್ಲರೂ ಮರೆಯಾದರು.

ಮನೆಯಲ್ಲಿ ಹೆಂಗಸರಷ್ಟೇ ಉಳಿದರು. ಮಾತು ಎಷ್ಟು ಜನಕ್ಕೆ ಕೇಳಿಸಿತ್ತೋ, ವಾಣಿಯ ಸುತ್ತ ಕೂತವರು ಮೆಲ್ಲಗೆ ಅಡುಗೆಮನೆಯ ಕಡೆ ಸರಿದರು. ಯಾಸ್ಮೀನ್ ಮಾತ್ರ ಎದುರಿಗೆ ಬಂದು ಕೂತಳು. ಬೈಯಬಹುದೆಂದು ವಾಣಿ ಕಾದಳು. ಅವಳು ಬೈಯಲಿಲ್ಲ. ಮಗಳು ಸಿಮ್ರಾನ್ ಹುಟ್ಟಿದಾಗಿನ ಮಾತು ಹೇಳತೊಡಗಿದಳು. ಈ ಗಲ್ಲಿಯಲ್ಲಿ ಹುಟ್ಟಿದ ಕೂಸುಗಳಿಗೆಲ್ಲ ಮೊದಲು ನೀರು ಎರೆದದ್ದು ಅತ್ತೆಯೇ. ತಮ್ಮ ಮೊಮ್ಮಗಳನ್ನು ಮಾತ್ರ ಎರೆಯಲು ಕಾಲ ಮೇಲೆ ಹಾಕಿಕೊಳ್ಳಲು ರಿಯಾಜ್ ಮೂರು ತಿಂಗಳು ಬಿಡಲಿಲ್ಲ. ನಿನ್ನನ್ನು ನಂಬಿ ಕೊಟ್ಟವರ ಗತಿ ಏನಾಯ್ತು ಗೊತ್ತೈತಲ್ಲ ಎಂದಿದ್ದ. ಅತ್ತೆ ಎದ್ದು ಭಟ್ಟಿಗೆ ಹೋದರು.

"ಒಂದು ಮಾತು ಹೇಳಿದ್ರೆ ಮುಗೀತಿತ್ತು, ಅತ್ತೆ ಹೇಳ್ಲಿಲ್ಲ," ಎಂದಳು ಯಾಸ್ಮೀನ್. "ನಿಮಗೆ ಹದಿನೈದು ವರ್ಷ ಸಾಲ್ಲಿಲ್ಲ. ದಾವಣಗೆರೆಯಿಂದ ಹರಿಹರಕ್ಕೆ ಅರ್ಧ ಗಂಟೆ ದಾರಿ, ಸಿಸ್ಟರ್."

ವಾಣಿಗೆ ಎದ್ದು ಹೋಗುವ ಧೈರ್ಯವಾಗಲಿ ಕೂತಿರುವ ಧೈರ್ಯವಾಗಲಿ ಇರಲಿಲ್ಲ. ಎರಡು ಗಂಟೆಯ ಬಸ್ ಹೋಯಿತು. ಕಾಲೇಜಿನಿಂದ ಎರಡು ಸಲ ಫೋನ್ ಬಂತು, ಅವಳು ಎತ್ತಲಿಲ್ಲ. ಯಾರೋ ಚಹಾ ತಂದಿಟ್ಟರು, ಅದು ಕೆನೆಗಟ್ಟಿತು.

ಮೂರರ ಸುಮಾರಿಗೆ ಗಂಡಸರು ಖಬರಸ್ತಾನದಿಂದ ಮರಳಿದರು. ರಿಯಾಜ್ ಕೊನೆಯಲ್ಲಿ ಬಂದ. ಅವನ ಅಂಗೈಗಳಲ್ಲಿ, ಉಗುರುಗಳಲ್ಲಿ ಕೆಂಪು ಮಣ್ಣು ಮೆತ್ತಿತ್ತು. ಬಾಗಿಲ ಪಕ್ಕ ಬಕೆಟ್ಟು, ಚೊಂಬು ಇಟ್ಟಿದ್ದರು. ಹತ್ತಿರದಲ್ಲಿದ್ದವಳು ವಾಣಿಯೇ. ಅವಳು ಎದ್ದು ಚೊಂಬು ತುಂಬಿಕೊಂಡು ಅವನ ಕೈಗೆ ಹಾಕಲು ಬಾಗಿದಳು.

ರಿಯಾಜ್ ಚೊಂಬನ್ನು ಅವಳ ಕೈಯಿಂದ ತೆಗೆದುಕೊಂಡ. ಕಿತ್ತುಕೊಳ್ಳಲಿಲ್ಲ, ಮೆಲ್ಲಗೆ ಬಿಡಿಸಿಕೊಂಡ. ಎಡಗೈಯಲ್ಲಿ ಹಿಡಿದು ಬಲಗೈಗೆ, ಬಲಗೈಯಲ್ಲಿ ಹಿಡಿದು ಎಡಗೈಗೆ ತಾನೇ ಸುರಿದುಕೊಂಡ. ಮಣ್ಣು ಕರಗಿ ಮೆಟ್ಟಿಲು ಇಳಿದು ಚರಂಡಿಗೆ ಹೋಯಿತು. ಕೈ ಬೆಳ್ಳಗಾದ ಮೇಲೂ ಅವನು ಮತ್ತೆ ಮತ್ತೆ ಬಕೆಟ್ಟಿಗೆ ಬಾಗುತ್ತಿದ್ದ, ಮತ್ತೆ ಸುರಿದುಕೊಳ್ಳುತ್ತಿದ್ದ, ತಲೆ ಎತ್ತುತ್ತಿರಲಿಲ್ಲ. ವಾಣಿ ಅವನ ಎದುರಿಗೆ, ಚೊಂಬು ಹಿಡಿದಿದ್ದ ಹಾಗೆಯೇ ಎರಡೂ ಕೈ ಮುಂದೆ ಚಾಚಿಕೊಂಡು ನಿಂತಿದ್ದಳು.