ಎಡ ಜಿಪ್ಪು, ಬಲ ಜಿಪ್ಪು

ಅಂಗಡಿಯವನು ಒಳಗೆ ಕೂತಾಗಲೂ ಉಣ್ಣೆಯ ಟೋಪಿ ತೆಗೆದಿರಲಿಲ್ಲ. ಚಳಿಯ ಸಾಮಾನು ಮಾರುವವನು ಬೆವರಿದರೂ ಬೆಚ್ಚಗಿರಬೇಕು ಅನ್ನುವವರ ಪೈಕಿ.

ಬಸ್ ಓಡಿಸುವ ಅಕ್ಕ ಬೆಳಗಿನ ಪಾಳಿ ಮುಗಿಸಿ ನೇರ ಇಲ್ಲಿಗೇ ಬಂದಿದ್ದಳು. ಡಿಪೋದಲ್ಲಿ ಅವಳಿಗಿಂತ ಹಿರಿಯರೂ ಅವಳನ್ನು ಅಕ್ಕ ಎಂದೇ ಕರೆಯುತ್ತಿದ್ದರು. ಹುಟ್ಟಿನಿಂದ ಹಾಗೆ ಕರೆಯಬೇಕಾದ ಒಬ್ಬಳು ಮಾತ್ರ ಕರೆದು ಮೂರು ಚಳಿಗಾಲ ಕಳೆದಿತ್ತು. ಅಪ್ಪನನ್ನು ಮಣ್ಣಿಗೆ ಕಳಿಸಿಕೊಟ್ಟ ದಿನ ಅಕ್ಕತಂಗಿಯರ ನಡುವೆ ಮಾತಿಗೆ ಮಾತು ಬೆಳೆದಿತ್ತು. "ಅಪ್ಪನ ಹತ್ರ ಕೂರೋಕೆ ಬಿಡುವಿರಲಿಲ್ಲ, ನಿನಗೆ ಬಸ್ಸೇ ದೊಡ್ಡದು" ಎಂದು ತಂಗಿ. "ನಿನಗೆ ನಾಲಿಗೆಯೇ ದೊಡ್ಡದು" ಎಂದು ಇವಳು. ಅಲ್ಲಿಗೆ ಮುಗಿಯಿತು.

ಮೊನ್ನೆ ಇದ್ದಕ್ಕಿದ್ದ ಹಾಗೆ ತಂಗಿಯ ಮೆಸೇಜು: 'ಕೆರೆ ಹತ್ರ ಟೆಂಟ್ ಹಾಕ್ತಿದ್ದೀನಿ, ಅಪ್ಪ ಹಾಕ್ತಿದ್ದ ಜಾಗದಲ್ಲೇ. ಬರೋ ಹಾಗಿದ್ರೆ ಬಾ. ನಿನ್ನ ಹಾಸಿಗೆ ನೀನೇ ತಾ.'

ಬಾ ಅಂದದ್ದು ಸಿಹಿಯಾಗಿತ್ತು. ಆ ಕೊನೆಯ ಮಾತು ಮಾತ್ರ ಮೀನಿನ ಮುಳ್ಳಿನ ಹಾಗೆ ಗಂಟಲಲ್ಲೇ ನಿಂತಿತ್ತು.

"ಇದು ನೋಡಿ ಮೇಡಂ," ಅಂಗಡಿಯವನು ಒಂದು ಸ್ಲೀಪಿಂಗ್ ಬ್ಯಾಗನ್ನು, ಒಳಹೊಕ್ಕು ಮಲಗುವ ಚೀಲವನ್ನು, ನೆಲದ ಜಮಖಾನೆಯ ಮೇಲೆ ಬಿಡಿಸಿದ. ತಲೆಯ ಹತ್ತಿರ ಅಗಲ, ಕಾಲಿನ ಹತ್ತಿರ ಕಿರಿದು. "ಲೇಬಲ್‌ನಲ್ಲಿ ಎರಡು ಅಂಕಿ ಇದೆಯಲ್ಲ, ಮೇಲಿನದು ಹಾಯಾಗಿ ನಿದ್ದೆ ಬರೋ ಚಳಿ. ಕೆಳಗಿನದು ಸಾಯದೆ ಬೆಳಗ್ಗೆ ಏಳೋ ಚಳಿ. ಜನ ಕೆಳಗಿನದು ನೋಡಿ ಕೊಂಡುಕೊಂಡು, ಆಮೇಲೆ ನನಗೆ ಬೈತಾರೆ."

"ಒಳಗೆ ಏನಿದೆ?"

"ಬಾತುಕೋಳಿ ಪುಕ್ಕ. ಹಗುರ, ಬೆಚ್ಚಗೆ. ಆದರೆ ಒದ್ದೆ ಆಯ್ತೋ, ಚೀಲಾನೂ ಒದ್ದೆ ಕೋಳಿ, ಒಳಗಿರೋ ನೀವೂ ಒದ್ದೆ ಕೋಳಿ."

ಅಕ್ಕನಿಗೆ ನಗು ಬಂತು. "ಬಿಸಿ ಎಷ್ಟು ಹೊತ್ತು ಇರುತ್ತೆ?"

"ಚೀಲಕ್ಕೆ ತನ್ನದು ಅಂತ ಬಿಸಿ ಎಲ್ಲಿದೆ ಮೇಡಂ? ನಿಮ್ಮ ಬಿಸೀನೇ ಹಿಡಿದಿಡುತ್ತೆ, ಅಷ್ಟೆ. ಒಬ್ಬರೇ ಮಲಗೋದಾದರೆ ಇದಕ್ಕಿಂತ ಒಳ್ಳೇದಿಲ್ಲ. ಇಬ್ಬರು ಸೇರಿಸಿಕೊಂಡು ಮಲಗೋದಾದರೆ ಮಾತ್ರ ಆ ಅಗಲದ್ದು. ಎರಡರ ಜಿಪ್ಪು ಕೂಡಿಸಿದರೆ ಒಂದೇ ಹಾಸಿಗೆ ಆಗುತ್ತೆ. ಎಡ ಜಿಪ್ಪು ಕೊಡಲಾ, ಬಲ ಜಿಪ್ಪು ಕೊಡಲಾ?"

"ಎಡ," ಅಂದುಬಿಟ್ಟಳು. ಅಂದ ಮೇಲೆ ಅವಳಿಗೇ ಆಶ್ಚರ್ಯವಾಯಿತು.

ಅಪ್ಪ ಲಾರಿಗಳಿಗೆ ಟಾರ್ಪಾಲು ಹೊಲಿಯುತ್ತಿದ್ದ. ಉಳಿದ ತುಂಡುಗಳಿಗೆ ಹಳೆಯ ರಜಾಯಿಯ ಹತ್ತಿ ತುಂಬಿ ಮಕ್ಕಳಿಗೆ ಎರಡು ಚೀಲ ಹೊಲಿದಿದ್ದ. ಅಕ್ಕನದಕ್ಕೆ ಎಡಕ್ಕೆ ಜಿಪ್ಪು, ತಂಗಿಯದಕ್ಕೆ ಬಲಕ್ಕೆ. ಮಕ್ಕಳು ಬೆಳೆದ ಹಾಗೆ ವರ್ಷ ವರ್ಷವೂ ಕಾಲಿನ ಕಡೆ ಒಂದೊಂದು ಪಟ್ಟಿ ಸೇರಿಸುತ್ತಿದ್ದ, ಒಂದು ಹಸಿರು, ಒಂದು ನೀಲಿ, ಸಿಕ್ಕಿದ್ದು ಸಿಕ್ಕ ಹಾಗೆ. "ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತ ಊರೆಲ್ಲ ಹೇಳುತ್ತೆ," ಅನ್ನುತ್ತಿದ್ದ. "ನಾನು ಕಾಲು ಇದ್ದಷ್ಟು ಹಾಸಿಗೆ ಹೊಲಿಯೋನು." ಟೆಂಟಿನೊಳಗೆ ಬಗ್ಗಿ "ಎಡ ಬಂತಾ? ಬಲ ಬಂತಾ?" ಎಂದು ಹಾಜರಿ ಕರೆದು, ಎರಡನ್ನೂ ಕೂಡಿಸಿ ಸರ್‍ರೆಂದು ಜಿಪ್ಪು ಎಳೆಯುತ್ತಿದ್ದ. ಎಡ ಜಿಪ್ಪಿನವಳ ಜಾಗ ಟೆಂಟಿನ ಬಾಗಿಲ ಕಡೆ. ಗಾಳಿಯೆಲ್ಲ ಅಕ್ಕನ ಬೆನ್ನಿಗೆ. ಮುಂದುಗಡೆಯಿಂದ ತಂಗಿಯ ಮಂಜುಗಡ್ಡೆಯಂಥ ಪಾದಗಳು ಬಂದು ಅವಳ ಮೀನಖಂಡಕ್ಕೆ ಅಂಟಿಕೊಳ್ಳುತ್ತಿದ್ದವು. ಎಷ್ಟು ಒದ್ದರೂ ಮತ್ತೆ ಬರುತ್ತಿದ್ದವು.

ಆ ಚೀಲಗಳು ಎಂದೋ ಇಲಿಗಳ ಪಾಲಾಗಿದ್ದವು.

"ಜೊತೆಯವರದು ಬಲದ್ದೇ ತಾನೇ? ಕೇಳಿಕೊಂಡುಬಿಡಿ," ಅಂದ ಅಂಗಡಿಯವನು. "ಎರಡೂ ಒಂದೇ ಕಡೆ ಆದರೆ ಕೂಡಲ್ಲ."

ಕಿರಿದಾದ ಚೀಲ ತೆಗೆದುಕೊಂಡರೆ ಕೇಳುವ ಗೊಡವೆಯೇ ಇಲ್ಲ. ಅಗಲದ್ದು ಒಯ್ದು, ತಂಗಿ ಮಾತ್ರ ಕಿರಿದರಲ್ಲಿ ಮುಖ ಆಚೆ ಮಾಡಿ ಮಲಗಿಬಿಟ್ಟರೆ? ಅಕ್ಕ ಎರಡೂ ಚೀಲಗಳನ್ನು ನೋಡಿದಳು. ಆಮೇಲೆ ಫೋನು ತೆಗೆದಳು.

ಆ ಕಡೆ ತಂಗಿ ಕೆಲಸ ಮಾಡುವ ಬೇಕರಿಯ ಟ್ರೇಗಳ ಸದ್ದು. "ಹಲೋ? ಯಾರು?"

"ಯಾರು ಅಂದ್ರೆ? ನಂಬರ್ ಅಳಿಸಿಬಿಟ್ಟಿದ್ದೀಯಾ?"

ಟ್ರೇಗಳ ಸದ್ದು ನಿಂತಿತು. "ಕೈಯೆಲ್ಲ ಹಿಟ್ಟು, ಹೆಸರು ನೋಡಲಿಲ್ಲ. ಹೇಳು."

"ನಿನ್ನ ಚೀಲದ ಜಿಪ್ಪು ಯಾವ ಕಡೆ?"

"ಯಾಕೆ?"

"ಯಾಕೆ ಅಂದ್ರೆ... ಅಂಗಡಿಯವರು ಕೇಳ್ತಿದ್ದಾರೆ."

"ಅಂಗಡಿಯವರು ಕೇಳ್ತಿದ್ದಾರಾ, ನೀನು ಕೇಳ್ತಿದ್ದೀಯಾ?"

"ನಾನೇ."

"ಎಡ."

"ಎಡ ನನ್ನದು ಕಣೇ! ನಿನ್ನದು ಬಲ. ಅಪ್ಪ ಹಾಜರಿ ಕರೀತಿದ್ದಿದ್ದು ಮರೆತುಹೋಯ್ತಾ?"

"ಮರೆತಿಲ್ಲ. ಗೊತ್ತಿದ್ದೇ ಎಡದ್ದು ತಗೊಂಡೆ. ನೀನು ಕೇಳ್ತೀಯೇನೋ ಅಂತ ಅವತ್ತಿಂದ ಕಾಯ್ತಿದ್ದೀನಿ." ತಂಗಿಯ ದನಿ ತಗ್ಗಿತು. "ಈ ಸಲ ಬಾಗಿಲ ಕಡೆ ನಾನು ಮಲಗ್ತೀನಿ ಅಕ್ಕಾ."

ಡಿಪೋದಲ್ಲಿ ದಿನಕ್ಕೆ ನೂರು ಸಲ ಕೇಳುವ ಪದ. ಆದರೂ ಅಕ್ಕ ಫೋನನ್ನು ಕಿವಿಗೆ ಇನ್ನಷ್ಟು ಒತ್ತಿಕೊಂಡಳು.

"ನಿನ್ನ ಹಾಸಿಗೆ ನೀನೇ ತಾ ಅಂತ ಬರೆದಿದ್ದೆಯಲ್ಲ," ಎಂದಳು.

"ಮತ್ತೆ? ನಾನೇ ಎರಡೂ ತಂದಿದ್ದರೆ, ನೀನು ಬರದೆ ಹೋದ್ರೆ ಇನ್ನೊಂದನ್ನ ಏನು ಮಾಡಲಿ? ಸರಿ, ಬಲ ಜಿಪ್ಪಿಂದು ತಗೋ. ತಪ್ಪು ತರಬೇಡ. ಬಸ್ಸು ಹೊಡೆಯೋಳಿಗೆ ಎಡ ಬಲ ಗೊತ್ತಿರುತ್ತೆ ತಾನೇ?"

"ಹಾಳಾದ್ದು ನಿನ್ನ ನಾಲಿಗೆ! ಕಾಲು ಇನ್ನೂ ತಣ್ಣಗೇ ಇವೆಯಾ?"

"ಓವನ್ ಮುಂದೆ ನಿಂತ್ರೂ ತಣ್ಣಗೇ. ಬಾ, ಮುಟ್ಟಿಸ್ತೀನಿ."

ಬಲ ಜಿಪ್ಪಿನ ಚೀಲ ಬಂತು. ಒಂದು ಸಲ ಮಲಗಿ ನೋಡಿ ಎಂದ ಅಂಗಡಿಯವನು. ಅಕ್ಕ ಬೂಟು ಕಳಚಿಟ್ಟು ಜಮಖಾನೆಯ ಮೇಲೆ ಚೀಲದೊಳಗೆ ಮಲಗಿದಳು. ಕೈ ತನ್ನಷ್ಟಕ್ಕೆ ಎಡಗಡೆ ತಡವಿತು. ಅಲ್ಲಿ ಜಿಪ್ಪು ಇರಲಿಲ್ಲ.

"ಆ ಕಡೆ ಮೇಡಂ," ಅಂದ ಅವನು. "ಅಭ್ಯಾಸ ಆಗುತ್ತೆ."

"ಆಗುತ್ತೆ ಬಿಡಿ," ಎಂದು ಅಕ್ಕ ಬಲಕ್ಕೆ ಹೊರಳಿದಳು.