ಫಾರಮ್ಮಿನ ಆರು ಸಾಲು

ಮುತ್ತಿನಕೊಪ್ಪದಿಂದ ಶ್ರೀಶೈಲಕ್ಕೆ ನಡೆದು ಹೋಗಲು ಇಪ್ಪತ್ತನಾಲ್ಕು ದಿನ ಬೇಕು. ಆ ಇಪ್ಪತ್ತನಾಲ್ಕು ದಿನದ ಬಗ್ಗೆ ಪಾದಯಾತ್ರೆಯ ಗುಂಪು ಒಟ್ಟು ಹತ್ತು ನಿಮಿಷ ಮಾತಾಡಿತು. ಉಳಿದ ಮೂರು ಸಭೆ ನಡೆದಿದ್ದು ವಾಪಸ್ ಬರುವ ಒಂದೂವರೆ ದಿನದ ರೈಲಿನ ಬಗ್ಗೆ.

ತಪ್ಪು ಅವರದಲ್ಲ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಮೂರೂ ತಾಲ್ಲೂಕು ಜಾಲಾಡಿದರೂ ರೈಲು ಓಡುವ ಹಳಿ ಒಂದು ಮಾರು ಸಿಗುವುದಿಲ್ಲ. ಹಾಗಾಗಿ ಎರಡು ಸಲ ರೈಲು ಹತ್ತಿದವರು ಇಲ್ಲಿ ಪಂಡಿತರು. ಗುಂಪಿನ ಯಜಮಾನ ವೃಷಭೇಂದ್ರಪ್ಪನವರು ಮೂರು ಸಲ ಹತ್ತಿದ್ದರು. ಅದೂ ಸಾಲದು ಅಂತ ಬೀರೂರು ಸ್ಟೇಷನ್ನಿನಲ್ಲಿ ಟೈಮ್‌ಟೇಬಲ್ ಪುಸ್ತಕ ಬೇರೆ ಕೊಂಡು ತಂದಿದ್ದರು. ಅದನ್ನು ದೇವರ ಮನೆಯಲ್ಲಿ ಇಡಲಿಲ್ಲ ಅನ್ನುವುದೊಂದೇ ಕಡಿಮೆ.

ಈ ರೈಲಿನ ಸುದ್ದಿ ಕೇಳಿ ಎಲ್ಲರಿಗಿಂತ ಹೆಚ್ಚು ಹಿಗ್ಗಿದವಳು ದಾಕ್ಷಾಯಿಣಿ. ವಯಸ್ಸು ಐವತ್ತೇಳು. ಆರು ಸಲ ಶ್ರೀಶೈಲಕ್ಕೆ ನಡೆದಿದ್ದಾಳೆ. ಆರು ಸಲವೂ ವಾಪಸ್ ಬಂದದ್ದು ಸಾಮಾನಿನ ಲಾರಿಯಲ್ಲಿ. ಗುಂಪಿನ ಅಕ್ಕಿ, ಹಾಸಿಗೆ, ಪಾತ್ರೆ ಹೊತ್ತು ಹಿಂದೆ ಹಿಂದೆ ಬರುವ ಲಾರಿ ಹೇಗೂ ಖಾಲಿ ಹೋಗುತ್ತದಲ್ಲ ಎಂದು ಎಲ್ಲರೂ ಅದನ್ನೇ ಹತ್ತುವುದು ರೂಢಿ. ಟಾರ್ಪಾಲಿನ ಕೆಳಗೆ ಮಲಗಿದರೆ ಯಾವ ಊರು ಬಂತು ಅಂತ ಗೊತ್ತಾಗುವುದಿಲ್ಲ, ಯಾವ ಗುಂಡಿ ಬಂತು ಅಂತ ಮಾತ್ರ ಗೊತ್ತಾಗುತ್ತದೆ.

ನಡೆಯುವಾಗಲಾದರೂ ಏನು ಕಂಡಳು? ಸಾಲಿನಲ್ಲಿ ಅವಳ ಜಾಗ ಗಂಡ ರೇಣುಕಪ್ಪನ ಹಿಂದೆ. ಅವನ ಎಡಗಾಲ ಹಿಮ್ಮಡಿಯ ಸೀಳು ಚಿತ್ರದುರ್ಗದ ಹೊತ್ತಿಗೆ ಎಷ್ಟು ಅಗಲ, ಬಳ್ಳಾರಿ ಹೊತ್ತಿಗೆ ಎಷ್ಟು ಅಗಲ ಎಂದು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತಾಳೆ. ಬಳ್ಳಾರಿ ಹೇಗಿದೆ ಎಂದು ಕೇಳಿದರೆ ಮಾತ್ರ ಗೊತ್ತಿಲ್ಲ. ಮಂಡಿ ನೋಡಿದ ಡಾಕ್ಟರು ಇದೇ ಕೊನೆ ಸಲ ಅಂದುಬಿಟ್ಟಿದ್ದರು. ಆದ್ದರಿಂದ ಈ ಸಲ ಅವಳು ಶ್ರೀಶೈಲದ ಮಲ್ಲಯ್ಯನ ಹತ್ತಿರ ಕೇಳಿಕೊಂಡಿದ್ದು ಒಂದೇ, ಬರುವಾಗ ರೈಲಿನ ಕಿಟಕಿ ಪಕ್ಕದ ಸೀಟು.

ಮೊದಲ ಸಭೆ ಡಿಸೆಂಬರಿನಲ್ಲಿ, ರೈಸ್‌ಮಿಲ್ಲಿನ ಕಟ್ಟೆಯ ಮೇಲೆ ಸೇರಿತು. ಎರಡು ಸಾವಿರದ ಒಂಬತ್ತರ ಯುಗಾದಿಗೆ ಇನ್ನೂ ಮೂರೂವರೆ ತಿಂಗಳಿತ್ತು. ವೃಷಭೇಂದ್ರಪ್ಪನವರು ಕನ್ನಡಕ ಏರಿಸಿ ರೈಲಿನ ನಂಬರು ಓದಿದರು. ಮಾರ್ಕಾಪುರ ರೋಡ್ ಸ್ಟೇಷನ್ನಿನಲ್ಲಿ ಹತ್ತುವುದು, ಬಳ್ಳಾರಿ ಹತ್ತಿರ ಬೆಳಗಾಗುವುದು, ಹುಬ್ಬಳ್ಳಿಯಲ್ಲಿ ಬದಲಾಯಿಸುವುದು, ಬೀರೂರಲ್ಲಿ ಇಳಿದು ಬಸ್ಸು. ಆಮೇಲೆ ಮತ್ತೊಮ್ಮೆ ನಂಬರು ಓದಿದರು. ಯಾರೂ ಕೇಳದಿದ್ದರೂ ಮೂರನೇ ಸಲ ಓದಿದರು.

"ಟಿಕೆಟ್ ಫಾರಂ ತಂದಿದೀನಿ," ಎಂದು ಒಂದು ಹಾಳೆ ಎತ್ತಿ ತೋರಿಸಿದರು. "ಇದ್ರಲ್ಲಿ ಆರೇ ಸಾಲು ಇರೋದು. ಅಂದ್ರೆ ಆರು ಜನ. ನಾವು ಗಂಡಸರು ಆರು ಜನ. ನೋಡಿ, ರೈಲ್ವೆಯವರೇ ಲೆಕ್ಕ ಹಾಕಿ ಇಟ್ಟಂಗಿದೆ."

ಗುಂಪಿನಲ್ಲಿದ್ದ ಹೆಂಗಸರು ಮೂವರು: ದಾಕ್ಷಾಯಿಣಿ, ಪಕ್ಕದ ಮನೆಯ ಗಂಗಾಂಬಿಕೆ, ಎಪ್ಪತ್ತು ದಾಟಿದ ಗುಡ್ಡಮ್ಮ. ಮೂವರೂ ಒಬ್ಬರ ಮುಖ ಒಬ್ಬರು ನೋಡಿದರು.

"ಅಣ್ಣಾ, ಆ ಫಾರಂ ಇನ್ನೊಂದು ಸಿಗಲ್ವಾ ಅಲ್ಲಿ?" ದಾಕ್ಷಾಯಿಣಿ ಕೇಳಿದಳು.

"ಸಿಗೋದೇನೋ ಸಿಗುತ್ತೆ ತಂಗಿ. ಎರಡನೇ ಫಾರಂ ಅಂದ್ರೆ ಎರಡನೇ ಟಿಕೆಟ್ಟು, ಬೇರೆ ಬೋಗಿ. ಗುಂಪು ಒಡೆದು ಹೋಗುತ್ತೆ. ಯಾತ್ರೆ ಮಾಡಿ ಬರೋರು ಒಡೀಬಾರದು. ಅಲ್ದೆ ಪಾತ್ರೆ ಯಾರು ನೋಡ್ಕೊಳ್ಳದು?"

"ಪಾತ್ರೆ ಓಡಿ ಹೋಗ್ತಾವಾ?" ಎಂದಳು ಗುಡ್ಡಮ್ಮ.

"ನಿಂಗೆ ಗೊತ್ತಾಗಲ್ಲ ಬಿಡಜ್ಜಿ."

ಅಷ್ಟಕ್ಕೆ ಆ ವಿಷಯ ಮುಗಿಯಿತು. ಮುಂದಿನದು ಇನ್ನೂ ಗಂಭೀರವಾಗಿತ್ತು: ಕೆಳಗಿನ ಬರ್ತು ಯಾರಿಗೆ. ವೃಷಭೇಂದ್ರಪ್ಪನವರು ಹಳೇ ಕ್ಯಾಲೆಂಡರಿನ ಹಿಂದೆ ಬೋಗಿಯ ನಕ್ಷೆ ಬರೆದರು. ಹಿರಿತನ ನೋಡಿ ಕೆಳಗಿನದು ತಮಗೇ ಬಂದದ್ದು ಕಂಡು ಅವರಿಗೇ ಆಶ್ಚರ್ಯವಾಯಿತು. ಸೋಮಶೇಖರಪ್ಪನಿಗೆ ಗೊರಕೆ ಇರುವುದರಿಂದ ಮೇಲೆ. ರೇಣುಕಪ್ಪನಿಗೆ ನಡುವೆ, ಯಾಕೆಂದರೆ ಎಲ್ಲಿ ಹಾಕಿದರೂ ಅವನು ಏನೂ ಅನ್ನುವುದಿಲ್ಲ. ರೈಲಿಗೆ ಬುತ್ತಿ ರೊಟ್ಟಿ, ಶೇಂಗಾ ಚಟ್ನಿಪುಡಿ ಎಂದು ತೀರ್ಮಾನವಾಯಿತು. ಮಾಡುವವರು ಯಾರು ಎಂಬುದಕ್ಕೆ ಚರ್ಚೆ ಬೇಕಾಗಲಿಲ್ಲ.

ಅವತ್ತು ಊಟಕ್ಕೆ ಬಡಿಸುವಾಗ ದಾಕ್ಷಾಯಿಣಿ ಗಂಡನನ್ನು ಕೇಳಿದಳು. "ರೀ, ನೀವಾದ್ರೂ ಒಂದು ಮಾತು ಹೇಳಬಾರದಾ? ನಂಗೂ ರೈಲಲ್ಲಿ ಬರಬೇಕು."

"ನಡ್ಕೊಂಡು ಹೋದ ಸೀಮೇನೆ ಮಾರಾಯ್ತಿ. ಮತ್ತೆ ಎಂಥ ನೋಡದು ಅದ್ರಲ್ಲಿ?"

"ನೀವು ಸೀಮೆ ನೋಡಿದೀರಿ. ಬಳ್ಳಾರಿ ಹೆಂಗಿದೆ ಅಂತ ನಂಗೆ ಗೊತ್ತಿಲ್ಲ. ನಾನು ಆರು ವರ್ಷ ನಿಮ್ಮ ಹಿಮ್ಮಡಿ ನೋಡಿದೀನಿ."

ರೇಣುಕಪ್ಪ ಕಾಲು ಮಡಚಿ ಹಿಮ್ಮಡಿಯನ್ನು ಪಂಚೆಯೊಳಗೆ ಎಳೆದುಕೊಂಡ. ಮಜ್ಜಿಗೆ ಹಾಕು ಎಂದ.

ಇತ್ತ ಬುಕಿಂಗು ತೆರೆಯಿತು. ತೊಂಬತ್ತು ದಿನ ಮುಂಚೆ ಟಿಕೆಟ್ ಕೊಡುವ ರೈಲ್ವೆಗೆ ಪಂಚಾಂಗ ನೋಡುವ ಅಭ್ಯಾಸ ಇರಲಿಲ್ಲ. ಬುಕಿಂಗು ತೆರೆದಿದ್ದು ಪುಷ್ಯ ಮಾಸ ಶುರುವಾದ ಮಾರನೇ ದಿನ. ಪುಷ್ಯ ಅಂದರೆ ಶೂನ್ಯಮಾಸ. ಯಾವ ಶುಭಕಾರ್ಯಕ್ಕೂ ಕೈ ಹಾಕಬಾರದ ತಿಂಗಳು.

"ಯಾತ್ರೆ ಟಿಕೆಟ್ಟನ್ನ ಶೂನ್ಯಮಾಸದಲ್ಲಿ ತೆಗಿಯೋದಾ?" ಎಂದು ವೃಷಭೇಂದ್ರಪ್ಪನವರು ಎರಡನೇ ಸಭೆಯಲ್ಲಿ ನಕ್ಕರು. "ಮಾಘ ಬರಲಿ. ಪಂಚಮಿ ದಿವಸ ನಾನೇ ಶಿವಮೊಗ್ಗಕ್ಕೆ ಹೋಗ್ತೀನಿ. ರೈಲೇನು ಓಡಿ ಹೋಗುತ್ತಾ?"

ಉಳಿದ ಐವರೂ ತಲೆಯಾಡಿಸಿದರು. ರೈಲಿನ ಕೆಲಸವೇ ಓಡಿ ಹೋಗುವುದು ಎಂದು ಯಾರಿಗೂ ಹೊಳೆಯಲಿಲ್ಲ. ಸಭೆ ಹುಬ್ಬಳ್ಳಿ ಸ್ಟೇಷನ್ನಿನ ಚಹಾ ಒಳ್ಳೆಯದೋ ಗದಗಿನದೋ ಎಂಬಲ್ಲಿಗೆ ದಾಟಿತು.

ಮಾರನೇ ದಿನ ದಾಕ್ಷಾಯಿಣಿ ಮಂಡಿ ತೋರಿಸಿಕೊಂಡು ಬರುತ್ತೇನೆಂದು ಶಿವಮೊಗ್ಗದ ಬಸ್ಸು ಹತ್ತಿದಳು. ಜೊತೆಗಿರಲಿ ಎಂದು ಗಂಗಾಂಬಿಕೆ, ಸುಮ್ಮನೆ ಇರಲಿ ಎಂದು ಗುಡ್ಡಮ್ಮ. ಒಂದು ಮಂಡಿಗೆ ಮೂರು ಜನ. ಡಾಕ್ಟರ ಶಾಪಿನಿಂದ ಹೊರಬಿದ್ದವರು ನೇರ ರೈಲ್ವೆ ಸ್ಟೇಷನ್ನಿಗೆ ಹೋದರು.

ಕ್ಯೂನಲ್ಲಿ ನಿಂತಾಗ ಗಂಗಾಂಬಿಕೆಗೆ ಅಳುಕು ಶುರುವಾಯಿತು. "ಅಕ್ಕಾ, ಶೂನ್ಯಮಾಸ ಮಾರಾಯ್ತಿ. ಏನಾದ್ರೂ ಆದ್ರೆ?"

ದಾಕ್ಷಾಯಿಣಿ ಇದನ್ನು ಬಸ್ಸಿನಲ್ಲೇ ಯೋಚಿಸಿ ಮುಗಿಸಿದ್ದಳು. "ನೋಡು, ಯಾತ್ರೆಗೆ ಹೋಗದು ಶುಭಕಾರ್ಯ. ಮನೆಗೆ ವಾಪಸ್ ಬರದು ಎಂಥ ಶುಭಕಾರ್ಯನೇ? ಬಂದ್ಮೇಲೆ ಪಾತ್ರೆ ತೊಳಿಯದಲ್ವಾ?"

ಗುಡ್ಡಮ್ಮ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು. ಗಂಗಾಂಬಿಕೆಗೆ ಇದರಲ್ಲಿ ಏನೂ ತಪ್ಪು ಸಿಗಲಿಲ್ಲ.

ರೈಲಿನ ನಂಬರು ಯಾರನ್ನೂ ಕೇಳಬೇಕಿರಲಿಲ್ಲ. ವೃಷಭೇಂದ್ರಪ್ಪನವರು ಅಷ್ಟು ಸಲ ಓದಿದ್ದರಿಂದ ಬಾಯಿಪಾಠವಾಗಿತ್ತು. ಅವರ ಯೋಜನೆಯಿಂದ ಯಾರಿಗೂ ಉಪಯೋಗವಾಗಲಿಲ್ಲ ಎಂದು ಹೇಳುವಂತಿಲ್ಲ.

"ಬರೋದಕ್ಕೆ ಮಾತ್ರಾನಾ?" ಕೌಂಟರಿನವನು ಫಾರಂ ತಿರುಗಿಸಿ ನೋಡಿದ. "ಹೋಗೋದಕ್ಕೆ ಬೇಡ್ವಾಮ್ಮ?"

"ಹೋಗೋಕೆ ಕಾಲಿದೆ. ಕಿಟಕಿ ಪಕ್ಕ ಕೊಡಿ."

"ಕೆಳಗಿನ ಬರ್ತ್ ಹಾಕ್ತೀನಿ, ಹಗಲು ಕಿಟಕಿ ನಿಮ್ಮದೇ. ಇನ್ನು ಮೂರು ಸಾಲು ಖಾಲಿ ಇದೆಯಲ್ಲ, ಯಾರಾದ್ರೂ ಇದಾರಾ?"

ದಾಕ್ಷಾಯಿಣಿ ಫಾರಂ ವಾಪಸ್ ಇಸಿದುಕೊಂಡಳು. ಪೆನ್ನನ್ನು ನಾಲ್ಕನೇ ಸಾಲಿನ ಮೇಲೆ ಒಂದು ಕ್ಷಣ ಹಿಡಿದಳು. ರೇಣುಕಪ್ಪ ಎಂದು ಬರೆದರೆ ಆರು ಜನರ ಗುಂಪು ಒಡೆಯುತ್ತದೆ. ಯಾತ್ರೆ ಮಾಡಿ ಬರುವವರು ಒಡೆಯಬಾರದು. ಹಿರಿಯರ ಮಾತು. ಖಾಲಿ ಸಾಲುಗಳ ಮೇಲೆ ಉದ್ದಕ್ಕೆ ಗೀಟು ಎಳೆದು ಕೊಟ್ಟಳು.

ಮಾಘದ ಪಂಚಮಿ ಬಂತು. ವೃಷಭೇಂದ್ರಪ್ಪನವರು ವಿಭೂತಿ ಧರಿಸಿ, ತೆಂಗಿನಕಾಯಿ ಒಡೆದು, ಒಳ್ಳೇ ಮುಹೂರ್ತದಲ್ಲಿ ಶಿವಮೊಗ್ಗಕ್ಕೆ ಹೋದರು. ಸಂಜೆ ಬಂದವರು ನೇರ ರೈಸ್‌ಮಿಲ್ಲಿನ ಕಟ್ಟೆಗೆ ಬಂದು ಕುಳಿತರು. ಯುಗಾದಿಗೆ ಶ್ರೀಶೈಲದಿಂದ ವಾಪಸ್ ಬರುವವರು ಕರ್ನಾಟಕದಲ್ಲಿ ಇನ್ನೂ ಯಾರ್ಯಾರೋ ಇದ್ದಾರೆ ಎಂಬ ವಿಷಯ ಅವರಿಗೆ ಅವತ್ತೇ ತಿಳಿದದ್ದು.

"ವೇಟಿಂಗ್ ಲಿಸ್ಟು ನೂರಾ ಹನ್ನೆರಡಂತೆ. ಆಗದ ಮಾತು ಅಂದ ಕೌಂಟರಿನವನು."

ಅಷ್ಟರಲ್ಲಿ ಹೆಂಗಸರೂ ಕಟ್ಟೆಗೆ ಬಂದು ಸೇರಿದ್ದರು. ಆಗ ಗುಡ್ಡಮ್ಮ, "ನಮ್ಮದು ಆಗಿದೆಯಪ್ಪ," ಎಂದಳು, ಉಪ್ಪಿನಕಾಯಿ ಹಾಕಿದ ಸುದ್ದಿ ಹೇಳುವ ಹಾಗೆ.

ಟಿಕೆಟ್ಟು ಆರೂ ಜನರ ಕೈ ದಾಟಿತು. ವೃಷಭೇಂದ್ರಪ್ಪನವರು ಕನ್ನಡಕ ಏರಿಸಿ, ಇಳಿಸಿ, ದೀಪದ ಕೆಳಗೆ ಹಿಡಿದು ನೋಡಿದರು.

"ಅಲ್ಲ ತಂಗಿ, ಮೂರು ಸಾಲು ಖಾಲಿ ಬಿಟ್ಟು ಬಂದಿಯಲ್ಲ. ನಮ್ಮ ಮೂರು ಜನದ ಹೆಸರಾದ್ರೂ ಬರಿಬಾರದಿತ್ತಾ?"

"ಬರಿಯೋಣ ಅಂದ್ಕಂಡೆ ಅಣ್ಣಾ. ಗುಂಪು ಒಡೆದು ಹೋಗುತ್ತಲ್ಲ ಅಂತ ಬಿಟ್ಟೆ. ಅದೂ ಅಲ್ದೆ ಪಾತ್ರೆ ನೋಡ್ಕೊಳ್ಳೋಕೆ ಜನ ಬೇಕಲ್ಲ."

ಸೋಮಶೇಖರಪ್ಪ ಕೆಮ್ಮಿದ. ವೃಷಭೇಂದ್ರಪ್ಪನವರು ಟಿಕೆಟ್ಟು ಮಡಚಿ ವಾಪಸ್ ಕೊಟ್ಟರು. ಆದರೆ ಯೋಜನೆಯಿಲ್ಲದೆ ಬದುಕುವ ಜೀವ ಅದಲ್ಲ. ಕ್ಯಾಲೆಂಡರಿನ ಇನ್ನೊಂದು ಹಾಳೆ ಹರಿದು, ಮಗುಚಿ, ಲಾರಿಯ ನಕ್ಷೆ ಬರೆಯತೊಡಗಿದರು. ಡ್ರೈವರನ ಪಕ್ಕ ಹಿರಿತನದ ಮೇಲೆ ತಾವು. ಗೊರಕೆಯವನು ದೊಡ್ಡ ಕಡಾಯಿಯ ಆಚೆ. ಉಳಿದವರು ಹಾಸಿಗೆ ಗಂಟಿನ ಮೇಲೆ.

"ರೇಣುಕಪ್ಪ, ನೀನು ನಡುವೆ."

"ಬೇಡ," ಎಂದ ರೇಣುಕಪ್ಪ.

ಎಲ್ಲರೂ ತಿರುಗಿ ನೋಡಿದರು. ಆ ಬಾಯಲ್ಲಿ ಆ ಮಾತನ್ನು ಯಾರೂ ಕೇಳಿರಲಿಲ್ಲ.

"ನಂಗೆ ಹಿಂದೆ ಹಾಕಿ, ಬಾಗಿಲ ಹತ್ರ. ಟಾರ್ಪಾಲು ಅಲ್ಲಿ ಕಟ್ಟಬೇಡಿ." ಅವನು ಹೆಂಡತಿಯ ಕಡೆ ನೋಡಲಿಲ್ಲ. "ಬಳ್ಳಾರಿ ಹೆಂಗಿದೆ ಅಂತ ನೋಡಬೇಕು."